ಬೂಟು ನೋಡಿ ಮನೆ ಹುಡುಕಿದ್ದು

ನನಗೆ ಯಾವುದನ್ನೇ ಆಗಲಿ ಆರಿಸುವ ಕೆಲಸ ಒಪ್ಪಿಸಬಾರದು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಬದನೆಕಾಯಿ ತರಲು ಕಳಿಸಿದರೆ ಬುಟ್ಟಿಯಲ್ಲಿರುವ ಅಷ್ಟನ್ನೂ ತಿರುಗಿಸಿ, ತೊಟ್ಟು ನೋಡಿ, ಹೆಬ್ಬೆರಳಿನಿಂದ ಒತ್ತಿ, ಕೊನೆಗೆ ಏನೂ ತೆಗೆದುಕೊಳ್ಳದೆ ಎದ್ದು ಬರುವವನು ನಾನು. ಕಾಯಿಪಲ್ಲೆ ಮಾರುವ ಅಜ್ಜಿಯೊಬ್ಬಳು ನನ್ನನ್ನು ದೂರದಿಂದ ಕಂಡರೆ ಸಾಕು, ಬುಟ್ಟಿಯ ಮೇಲೆ ಗೋಣಿತಟ್ಟು ಎಳೆದುಬಿಡುತ್ತಾಳೆ. ತಪ್ಪು ನನ್ನದಲ್ಲ, ನನ್ನ ಹೊಟ್ಟೆಪಾಡಿನದು. ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಸಣ್ಣ ಸುತ್ತಿಗೆಯಿಂದ ತಟ್ಟಬೇಕು, ಸಪ್ಪಳ ಕೇಳಬೇಕು, ಸಪ್ಪಳ ಸರಿ ಬರದಿದ್ದರೆ ಕೆಂಪು ಬಣ್ಣ ಬಳಿದು ಬದಿಗಿಡಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವನ ಕಣ್ಣಿಗೆ ಲೋಕವೆಲ್ಲ ಎಲ್ಲೋ ಒಂದು ಕಡೆ ಬಿರುಕು ಬಿಟ್ಟಂತೆಯೇ ಕಾಣುತ್ತದೆ. ನನ್ನ ಹೆಂಡತಿ ಸುನಂದಾ ಒಮ್ಮೆ, "ಎಲ್ಲಾನೂ ರಿಜೆಕ್ಟ್ ಮಾಡೋರು ನನ್ನ ಹೆಂಗ ಪಾಸ್ ಮಾಡಿದ್ರಿ?" ಎಂದು ಕೇಳಿದಳು. "ನಿನ್ನ ನೋಡಾಕ ಬಂದಾಗ ಶಿರಾ ಭಾಳ ಛಲೋ ಆಗಿತ್ತ. ನಾ ಪ್ಲೇಟಿನಿಂದ ತಲಿ ಎತ್ತಲೇ ಇಲ್ಲ," ಎಂದೆ. ಎರಡು ದಿನ ಮಾತು ಬಿಟ್ಟಿದ್ದಳು.

ಇಂಥ ನನ್ನ ತಲೆಗೆ ಹೋದ ವರ್ಷ ಮನೆ ಹುಡುಕುವ ಕೆಲಸ ಬಂತು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದೆವು. ಮಾಲಕರು ಬಲು ಸಭ್ಯಸ್ಥರು. ಒಂದು ಸಂಜೆ ಮೇಲಿನ ಮನೆಯಿಂದ ಇಳಿದು ಬಂದರು. ಚಹಾ ಕುಡಿದರು. ನನ್ನ ಬೆನ್ನುನೋವು, ಸುನಂದಾ ಕಲಿಸುವ ಸಾಲಿ, ಮಗಳು ಪಲ್ಲವಿಯ ಪಿಯುಸಿ ಎಲ್ಲವನ್ನೂ ವಿಚಾರಿಸಿದರು. ಕಪ್ಪು ಕೆಳಗಿಡುತ್ತ, "ನೀವು ಮನಿ ಬಿಡ್ರಿ ಅಂತ ನಾ ಅನ್ನಂಗಿಲ್ರಿ. ಎಂದೂ ಅನ್ನಂಗಿಲ್ಲ. ಆದ್ರ ಯಾವಾಗ ಬಿಡ್ತೀರಿ ಅಂತ ಅಷ್ಟ ಹೇಳ್ರಿ," ಅಂದರು. ಅವರ ಮಗನಿಗೆ ಮದುವೆ ಗೊತ್ತಾಗಿತ್ತು, ಕೆಳಗಿನ ಮನೆ ಅವನಿಗೆ ಬೇಕಾಗಿತ್ತು. ಇಷ್ಟು ಮರ್ಯಾದೆಯಿಂದ ಹೊರಗೆ ಹಾಕಿದರೆ ಜಗಳ ಆಡುವುದಕ್ಕೂ ಬರುವುದಿಲ್ಲ. ದೀಪಾವಳಿ ಒಳಗೆ ಬಿಡುತ್ತೇವೆ ಎಂದು ನಾನೇ ಹೇಳಿ, ಅವರಿಗೆ ಇನ್ನೊಂದು ಕಪ್ಪು ಚಹಾ ಕೊಟ್ಟು ಕಳಿಸಿದೆ. ಕೈಯಲ್ಲಿ ನಾಲ್ಕು ತಿಂಗಳಿತ್ತು.

"ಇನ್ನ ಬಾಡಿಗಿ ಸಾಕ್ರಿ. ಸಣ್ಣದಾದ್ರೂ ನಮ್ಮದು ಅಂತ ಒಂದು ಇರ್ಲಿ," ಅಂದಳು ಸುನಂದಾ. ಸರಿ. ಆದರೆ ನಮ್ಮಿಬ್ಬರ ಪಗಾರಕ್ಕೆ ಬ್ಯಾಂಕಿನವರು ಕೊಡುವ ಸಾಲದಲ್ಲಿ ಊರ ನಡುವೆ ಒಂದು ಬಚ್ಚಲುಮನೆ ಬಂದೀತು, ಮನೆ ಬರುವುದಿಲ್ಲ. ಹೊರಗೇ ಹೋಗಬೇಕು. ಹೊರಗೆ ಅಂದರೆ ಎರಡು ಮನೆ, ನಡುವೆ ಹತ್ತು ಖಾಲಿ ಸೈಟು, ಸೈಟಿನ ತುಂಬ ಜಾಲಿಕಂಟಿ, ಉರಿದರೆ ಉಂಟು ಇಲ್ಲದಿದ್ದರೆ ಇಲ್ಲ ಅನ್ನುವಂಥ ಬೀದಿದೀಪ. ಪಲ್ಲವಿಯ ಟ್ಯೂಷನ್ ಕ್ಲಾಸು ಮುಗಿಯುವುದು ಏಳಕ್ಕೆ. ಏಳೂವರೆಗೆ ಬಸ್ಸಿಳಿದು ಅವಳು ಒಬ್ಬಳೇ ಮನೆಗೆ ನಡೆದು ಬರಬೇಕು. ನಾನು ಬಂದು ಕರೆದುಕೊಂಡು ಹೋಗೋಣವೆಂದರೆ ಎರಡನೇ ಪಾಳಿ ಇದ್ದ ವಾರ ಆಗುವುದಿಲ್ಲ. ಆ ಏಳೂವರೆಯ ದಾರಿಯನ್ನು ನೆನೆದರೆ ನನ್ನ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ. ನಗಿಸಲು ಹೇಳುತ್ತಿಲ್ಲ, ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಹೆದರಿದಾಗ ಕೆಲವರು ದೇವರಿಗೆ ಹರಕೆ ಹೊರುತ್ತಾರೆ. ನಾನು ಪರೀಕ್ಷೆ ಮಾಡಲು ನಿಲ್ಲುತ್ತೇನೆ.

ಅದಕ್ಕೂ ಮೊದಲು ಯಾವ ದಿಕ್ಕು ಎಂಬ ಪ್ರಶ್ನೆ ಇತ್ತು. ನಾನು ಹುಬ್ಬಳ್ಳಿಯಲ್ಲೇ ಬೆಳೆದವನು, ಸುನಂದಾ ಧಾರವಾಡದ ಹೆಣ್ಣುಮಗಳು, ಅಲ್ಲೇ ಮಾಸ್ತರಿಕೆ. ಎರಡೂ ಊರಿಗೆ ಒಂದೇ ಪಾಲಿಕೆ ಇರಬಹುದು, ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಒಂದಾಗಿಲ್ಲ. ಹುಬ್ಬಳ್ಳಿಯವರಿಗೆ ವ್ಯಾಪಾರ ಬಿಟ್ಟು ಬೇರೆ ಗೊತ್ತಿಲ್ಲ ಎಂದು ಅವಳು, ಧಾರವಾಡದವರು ಮಧ್ಯಾಹ್ನ ಮಲಗಿದರೆ ಭೂಕಂಪವಾದರೂ ಏಳುವುದಿಲ್ಲ ಎಂದು ನಾನು. ಕೊನೆಗೆ ನಡುವೆ, ರಾಯಾಪುರದ ಆಸುಪಾಸಿನಲ್ಲಿ ನೋಡುವುದೆಂದು ರಾಜಿಯಾಯಿತು. ಇಬ್ಬರಿಗೂ ಸಮನಾಗಿ ಅಸಮಾಧಾನವಾಗುವ ಜಾಗ ಸಿಕ್ಕಿದರೆ ಸಂಸಾರ ನಡೆಯುತ್ತದೆ.

ನಾನು ರವಿವಾರಗಳಂದು ಹೊರಟೆ. ಒಂದು ಕಡೆ ರಸ್ತೆ ಛಲೋ ಇತ್ತು, ನೀರು ಇರಲಿಲ್ಲ. ಒಂದು ಕಡೆ ನೀರಿತ್ತು, ಅದು ರಸ್ತೆಯ ಮೇಲೇ ಇತ್ತು. "ಬಸ್ ಸ್ಟಾಪಿಗೆ ಬರೇ ಐದು ನಿಮಿಷರಿ," ಎಂದ ದಲ್ಲಾಳಿಯ ಜೊತೆ ಗಡಿಯಾರ ಹಿಡಿದು ನಡೆದೆ. ಹದಿನೆಂಟು ನಿಮಿಷವಾಯಿತು. ಮನುಷ್ಯ ಬೆವರು ಒರೆಸಿಕೊಳ್ಳುತ್ತ, "ನಡಕೊಂಡು ಯಾರು ಹೊಕ್ಕಾರ್ರಿ ಸರ?" ಅಂದ. ಇನ್ನು ನೆರೆಹೊರೆಯವರನ್ನೇ ಕೇಳಿ ತಿಳಿಯೋಣವೆಂದರೆ ನಮ್ಮ ಜನರ ಹತ್ತಿರ ಅದೂ ಸಾಧ್ಯವಿಲ್ಲ. ಗೇಟಿನ ಮುಂದೆ ನಿಂತು, "ಈ ಏರಿಯಾ ಹೆಂಗ್ರಿ?" ಎಂದು ಕೇಳಿದರೆ, "ಹೊರಗ ನಿಂತು ಯಾಕ ಕೇಳ್ತೀರಿ, ಒಳಗ ಬರ್ರಿ," ಎಂದು ಕರೆದು, ಅವಲಕ್ಕಿಯನ್ನೋ ಸೂಸಲವನ್ನೋ ಮುಂದಿಟ್ಟು, "ನಿಮ್ಮವು ಯಾವೂರ್ರಿ?" ಎಂದು ಶುರು ಮಾಡುತ್ತಾರೆ. ಒಂದು ತಾಸಾದ ಮೇಲೆ ನನ್ನ ಮುತ್ಯಾನ ಹೆಸರು ಅವರಿಗೆ ಗೊತ್ತಾಗಿರುತ್ತದೆ, ಏರಿಯಾ ಹೇಗೆಂದು ನನಗೆ ಗೊತ್ತಾಗಿರುವುದಿಲ್ಲ. ಉಪ್ಪು ತಿಂದ ಮೇಲೆ "ನಿಮ್ಮಲ್ಲಿ ಕಳ್ಳರ ಕಾಟ ಏನಾದ್ರೂ ಐತೇನ್ರಿ?" ಎಂದು ಕೇಳುವುದಾದರೂ ಹೇಗೆ? ಎರಡು ತಿಂಗಳಲ್ಲಿ ನಾನು ಒಂಬತ್ತು ಬಡಾವಣೆಗಳನ್ನು ರಿಜೆಕ್ಟ್ ಮಾಡಿ, ಎರಡು ಕಿಲೋ ದಪ್ಪಗಾದೆ.

ಆಗ ನನಗೊಂದು ಉಪಾಯ ಹೊಳೆಯಿತು. ಬಾಯಿ ಸುಳ್ಳು ಹೇಳಬಹುದು, ಚಪ್ಪಲಿ ಹೇಳುವುದಿಲ್ಲ. ಜನ ಹೊಸ ಬೂಟುಗಳನ್ನು ಬಾಗಿಲ ಹೊರಗೆ ನಿಶ್ಚಿಂತೆಯಿಂದ ಬಿಟ್ಟಿದ್ದರೆ ಆ ಓಣಿಯಲ್ಲಿ ಕಳ್ಳತನವಿಲ್ಲ. ಹರಕು ಹವಾಯಿ ಚಪ್ಪಲಿಗಳನ್ನಷ್ಟೇ ಹೊರಗಿಟ್ಟು ಛಲೋವನ್ನೆಲ್ಲ ಒಳಗೆ ಎತ್ತಿಕೊಂಡಿದ್ದರೆ ಏನೋ ಇದೆ ಎಂದೇ ಅರ್ಥ. ಇಷ್ಟು ಸರಳವಾದ ವಿಷಯ ಇಷ್ಟು ದಿನ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು. ಸುನಂದಾಳಿಗೆ ಹೇಳಲಿಲ್ಲ. ದೊಡ್ಡ ಶೋಧಗಳನ್ನು ಹೆಂಡತಿಗೆ ಮೊದಲೇ ಹೇಳಿದರೆ ಅಲ್ಲೇ ಮುಗಿದುಹೋಗುತ್ತವೆ. ಒಂದು ಸಣ್ಣ ಡೈರಿ ಕೊಂಡುಕೊಂಡೆ.

ರಾಯಾಪುರದಿಂದ ಸ್ವಲ್ಪ ಒಳಗೆ ಸೌಹಾರ್ದ ಕಾಲೋನಿ ಎಂಬ ನಲವತ್ತು ಮನೆಗಳ ಬಡಾವಣೆ ಸಿಕ್ಕಿತು. ಮೊದಲ ದಿನವೇ ಮನಸ್ಸಿಗೆ ಬಂತು. ಬಾಗಿಲು ಬಾಗಿಲಿಗೂ ಹೊಸ ಬೂಟು, ಎತ್ತರ ಹಿಮ್ಮಡದ ಚಪ್ಪಲಿ, ಒಂದು ಕಡೆಯಂತೂ ಮದುವೆಗೆ ಹಾಕಿಕೊಳ್ಳುವಂಥ ಜರಿಯ ಮೋಜಡಿ. ಆದರೆ ಪಂಪಿನ ಭಾಗವನ್ನು ಒಂದೇ ಸಲ ತಟ್ಟಿ ಪಾಸ್ ಮಾಡಿದರೆ ಅದು ಪರೀಕ್ಷೆ ಅಲ್ಲ. ಎರಡು ವಾರ, ಬೇರೆ ಬೇರೆ ಹೊತ್ತಿನಲ್ಲಿ ಹೋದೆ. ಮುಂಜಾನೆ ಪಾಳಿಗೆ ಹೋಗುವ ಮುಂಚೆ ಒಮ್ಮೆ, ಸಂಜೆ ಒಮ್ಮೆ. ಕಂಡದ್ದನ್ನೆಲ್ಲ ಬರೆದುಕೊಂಡೆ.

ಕೊನೆಯ ಪರೀಕ್ಷೆ ಒಂದು ರವಿವಾರ ಬೆಳಿಗ್ಗೆ. ಏಳನೇ ಮನೆಯ ಮೆಟ್ಟಿಲ ಮೇಲೆ ಕರಿಯ ಬೂಟು ಒಂದು ಜೋಡಿ ಇತ್ತು, ಫಳಫಳ ಹೊಳೆಯುತ್ತಿತ್ತು. ಹೊಸದೋ, ಹಳೆಯದಕ್ಕೆ ಪಾಲೀಶೋ? ಇದು ಮುಖ್ಯ ಪ್ರಶ್ನೆ. ಹಳೆಯ ಬೂಟಾದರೆ ಲೆಕ್ಕಕ್ಕೆ ಬರುವುದಿಲ್ಲ. ಗೇಟು ತೆರೆದೇ ಇತ್ತು. ನಾನು ಎರಡು ಹೆಜ್ಜೆ ಒಳಗೆ ಹೋಗಿ, ಬಗ್ಗಿ, ಎಡಗಾಲಿನ ಬೂಟನ್ನು ಎತ್ತಿ, ತಿರುಗಿಸಿ, ಅಟ್ಟೆ ಸವೆದಿದೆಯೇ ನೋಡಿದೆ. ಸವೆದಿರಲಿಲ್ಲ. ಅಭ್ಯಾಸಬಲದಿಂದ ಬೆರಳಿನಿಂದ ಒಮ್ಮೆ ತಟ್ಟಿ ಕಿವಿಯ ಹತ್ತಿರ ಹಿಡಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಣ್ಣುಮಗಳು. ಕೈಯಲ್ಲಿ ರೊಟ್ಟಿಯ ಹಿಟ್ಟು. ಅವರು ಗಿರಿಜಕ್ಕ ಎಂದು ಆಮೇಲೆ ಗೊತ್ತಾಯಿತು. ನನ್ನನ್ನು ನೋಡಿದರು, ಬೂಟು ನೋಡಿದರು, ಮತ್ತೆ ನನ್ನನ್ನು ನೋಡಿದರು. ಚೀರಲಿಲ್ಲ. ಬಲು ಶಾಂತವಾಗಿ, "ಬರ್ರಿ, ಒಳಗ ಬರ್ರಿ," ಅಂದರು.

"ಇಲ್ರೀ ಅಕ್ಕಾರ, ಸುಮ್ಮ ಹಂಗ..." ಅಂದೆ.

"ಹಂಗೆಲ್ಲ ಬಾಗಿಲತನ ಬಂದು ಹೋಗಬಾರದ್ರಿ. ಬರ್ರಿ. ನಿಮ್ಮ ಚಪ್ಪಲಿ ಅಲ್ಲೆ ಬಿಡ್ರಿ."

ಗಾಬರಿಯಲ್ಲಿ ನಾನು ನನ್ನ ಚಪ್ಪಲಿ ಹೊರಗೆ ಬಿಟ್ಟು, ಅವರ ಬೂಟು ಹಿಡಿದುಕೊಂಡೇ ಒಳಗೆ ಹೋದೆ. ನನ್ನ ಹಿಂದೆ ಬಾಗಿಲ ಚಿಲಕ ಬಿತ್ತು. ಬಿಸಿಲು ಬರುತ್ತದೆಂದು ಹಾಕಿಕೊಂಡಿರಬೇಕು ಎಂದುಕೊಂಡೆ. ನೋಡಿ, ಬುದ್ಧಿ ಇಲ್ಲದವನಿಗೆ ಬುದ್ಧಿ ಇಲ್ಲ ಎಂಬುದಾದರೂ ಗೊತ್ತಿರುತ್ತದೆ. ನನ್ನಂಥ ಅರೆಬುದ್ಧಿಯವನಿಗೆ ಅದೂ ಇರುವುದಿಲ್ಲ. ಗಿರಿಜಕ್ಕ ಒಳಗೆ ಹೋಗಿ ಫೋನಿನಲ್ಲಿ ಯಾರೊಡನೆಯೋ ಸಣ್ಣ ದನಿಯಲ್ಲಿ ಮಾತಾಡಿದರು. ಐದೇ ನಿಮಿಷದಲ್ಲಿ ಬಿಸಿ ಅವಲಕ್ಕಿ ಬಂತು, ಮೇಲೆ ಕೊಬ್ಬರಿ, ಬದಿಗೆ ಸೇವು. ನಾನು ಬಾಯಿ ತೆರೆದು ಏನೂ ಕೇಳುವ ಮೊದಲೇ ಇಂಥ ಆದರ ಬೇರೆ ಯಾವ ಬಡಾವಣೆಯಲ್ಲೂ ಸಿಕ್ಕಿರಲಿಲ್ಲ. ಮನಸ್ಸಿನಲ್ಲೇ ಕಾಲೋನಿಯನ್ನು ಪಾಸ್ ಮಾಡಿಬಿಟ್ಟೆ.

ಅಷ್ಟರಲ್ಲಿ ಹಿಂಬಾಗಿಲಿನಿಂದ ಒಬ್ಬೊಬ್ಬರಾಗಿ ಜನ ಬರತೊಡಗಿದರು. ಗಿರಿಜಕ್ಕನ ಯಜಮಾನರು ಬರಿಗಾಲಲ್ಲಿ ಬಂದರು. ಪಕ್ಕದ ಮನೆಯವರು ಬಂದರು. ಕಾಲೋನಿಯ ಸೆಕ್ರೆಟರಿ ಕುಲಕರ್ಣಿ ಕಾಕಾ, ಬ್ಯಾಂಕಿನಿಂದ ನಿವೃತ್ತರಾದವರು, ಕನ್ನಡಕ ಒರೆಸುತ್ತ ಬಂದು ನನ್ನ ಎದುರಿಗೇ ಕೂತರು. ಹೊಸ ನಿವಾಸಿಯನ್ನು ನೋಡಲು ರವಿವಾರದ ದಿನವೂ ಎಷ್ಟು ಜನ ಬಂದರಲ್ಲ ಎಂದು ನನಗೆ ಹೃದಯ ತುಂಬಿ ಬಂತು.

"ಇಲ್ಲಿಗೆ ಮೊದಲ ಸಲ ಬಂದೀರೇನ್ರಿ?" ಎಂದು ಕೇಳಿದರು ಕಾಕಾ.

"ಇಲ್ರೀ ಕಾಕಾ, ಎರಡು ವಾರದಿಂದ ಬರಾಕತ್ತೇನಿ," ಎಂದೆ ಹುರುಪಿನಿಂದ. "ಒಮ್ಮೆ ಮುಂಜಾನೆ ಐದೂವರಿಗೆ, ಒಮ್ಮೆ ಸಂಜಿಗೆ. ಟೈಮ್ ಬದಲಾಸಿ ನೋಡಬೇಕ್ರಿ, ಇಲ್ಲಾಂದ್ರ ಖರೇ ಪರಿಸ್ಥಿತಿ ತಿಳಿಯಂಗಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಶ್ರದ್ಧೆಗೆ ಬೆರಗಾದರು ಎಂದುಕೊಂಡು ಇನ್ನೊಂದು ಚಮಚ ಅವಲಕ್ಕಿ ತಿಂದೆ.

"ಏನೇನು ನೋಡೀರಿ?"

"ಎಲ್ಲಾ ಬರದಿಟ್ಟೇನ್ರಿ," ಎಂದು ಕಿಸೆಯಿಂದ ಡೈರಿ ತೆಗೆದು ನಾನೇ ಅವರ ಕೈಗೆ ಕೊಟ್ಟೆ. ಯಾರೂ ಕೇಳಿರಲಿಲ್ಲ, ನಾನೇ ಕೊಟ್ಟೆ. ಕಾಕಾ ಕನ್ನಡಕ ಏರಿಸಿ ದೊಡ್ಡ ದನಿಯಲ್ಲಿ ಓದತೊಡಗಿದರು. "ಮನೆ ನಂಬರ್ ಮೂರು. ನಾಯಿ ಇದೆ, ಬೊಗಳುವುದಿಲ್ಲ. ಛಲೋ. ಮನೆ ನಂಬರ್ ಏಳು. ಗೇಟಿಗೆ ಕೀಲಿ ಇಲ್ಲ. ಛಲೋ. ಮನೆ ನಂಬರ್ ಒಂಬತ್ತು. ಗಂಡ ಹೆಂಡತಿ ಇಬ್ಬರೂ ಎಂಟಕ್ಕೆ ಹೋದರೆ ಸಂಜೆ ಆರಕ್ಕೇ ಬರುವುದು. ಭಾಳ ಛಲೋ. ಮನೆ ನಂಬರ್ ಹನ್ನೆರಡು. ಅಜ್ಜ ಅಜ್ಜಿ ಇಬ್ಬರೇ, ಅಜ್ಜನಿಗೆ ಕಿವಿ ಮಂದ."

ಬರೆಯುವಾಗ ಎಷ್ಟು ಸಮಾಧಾನ ಕೊಟ್ಟಿದ್ದ ವಾಕ್ಯಗಳು ಅವು! ಸಭ್ಯ ಜನ, ಶಾಂತ ಓಣಿ ಎಂಬ ಅರ್ಥದಲ್ಲಿ ಬರೆದದ್ದು. ಕಾಕಾನ ಬಾಯಲ್ಲಿ ಕೇಳಿದಾಗ ನನಗೂ ನನ್ನ ಮೇಲೆ ಸಂಶಯ ಬಂತು. ಬಿದ್ದ ಚಿಲಕ, ಹಿಂಬಾಗಿಲಿನಿಂದ ಬಂದ ಜನ, ಗಿರಿಜಕ್ಕನ ಫೋನು, ಎಲ್ಲದರ ಅರ್ಥವೂ ಒಟ್ಟಿಗೆ ತಲೆಗೆ ಹೊಕ್ಕಿತು. ಎದ್ದು ನಿಂತೆ. ತೊಡೆಯ ಮೇಲಿದ್ದ ಬೂಟು ದಡ್ಡೆಂದು ಕೆಳಗೆ ಬಿತ್ತು.

"ನಾ ಕಳ್ಳ ಅಲ್ರಿ! ನಾ ಮನಿ ನೋಡಾಕ ಬಂದೇನ್ರಿ!"

"ಅದು ಗೊತ್ತಾತಲ್ರಿ, ಎಷ್ಟ ಮನಿ ನೋಡೀರಿ ಅಂತ ಇದ್ರಾಗ ಬರದೀರಿ," ಎಂದರು ಕಾಕಾ. "ಕೂಡ್ರಿ. ಅವಲಕ್ಕಿ ಮುಗಸ್ರಿ ಮೊದಲ."

ಇದನ್ನು ಮಾತ್ರ ನಾನು ಸಾಯುವತನಕ ಮರೆಯುವುದಿಲ್ಲ. ನನ್ನನ್ನು ಕಳ್ಳ ಎಂದು ತಿಳಿದುಕೊಂಡಿದ್ದವರು, ಪ್ಲೇಟು ಖಾಲಿಯಾಗುವತನಕ ಒಂದು ಬಿರುಸು ಮಾತು ಆಡಲಿಲ್ಲ. ಗಿರಿಜಕ್ಕ, "ಇನ್ನಷ್ಟು ಹಾಕ್ಲೇನ್ರಿ?" ಎಂದೂ ಕೇಳಿದರು. ಆಮೇಲೆ ವಿಚಾರಣೆ ಶುರುವಾಯಿತು. ಯಾವೂರು? ನವಲಗುಂದ ಕಡೆ. ನವಲಗುಂದದಾಗ ಯಾರ ಪೈಕಿ? ನಿಮ್ಮವ್ವನ ತವರು ಯಾವುದು? ಹೆಂಡತಿಯ ಅಣ್ಣ ಏನು ಮಾಡ್ತಾನ? ಪೊಲೀಸರಾದರೆ ಹೆಸರು, ವಿಳಾಸ ಕೇಳಿ ಬಿಡುತ್ತಿದ್ದರು. ಇವರು ನಾಲ್ಕು ತಲೆಮಾರು ಜಾಲಾಡಿದರು. ಕೊನೆಗೆ ಕಾಕಾ, "ನಿಮ್ಮ ಮನ್ಯಾವರನ್ನ ಕರಸ್ರಿ. ಅವರು ನಮ್ಮವರು ಅಂದ್ರ ಮುಗೀತು," ಎಂದು ತೀರ್ಪು ಕೊಟ್ಟರು. ಫೋನು ಮಾಡಿದೆ. ಯಾಕೆ ಎಂದು ಹೇಳಲು ಧೈರ್ಯವಾಗಲಿಲ್ಲ, ಲಗೂ ಬಾ ಎಂದಷ್ಟೇ ಹೇಳಿದೆ.

ಸುನಂದಾ ಪಲ್ಲವಿಯನ್ನು ಕರೆದುಕೊಂಡು ಆಟೋದಲ್ಲಿ ಬಂದಳು. ನನಗೇನೋ ಅಪಘಾತವಾಗಿದೆ ಎಂದು ಅತ್ತುಕೊಂಡೇ ಬಂದಿದ್ದಳಂತೆ. ಒಳಗೆ ಬಂದು ನೋಡಿದರೆ ಗಂಡ ಹತ್ತು ಜನರ ನಡುವೆ, ಮೀಸೆಗೆ ಕೊಬ್ಬರಿ ಅಂಟಿಸಿಕೊಂಡು ಕೂತಿದ್ದಾನೆ. ಕಾಕಾ ಬೂಟು, ಡೈರಿ ಎರಡನ್ನೂ ತೋರಿಸಿ ನಡೆದದ್ದನ್ನು ಹೇಳಿ, "ಇವರು ನಿಮ್ಮವರೇನ್ರಿ ಅಕ್ಕಾರ?" ಎಂದು ಕೇಳಿದರು.

ಸುನಂದಾ ಉತ್ತರ ಕೊಡುವ ಮುಂಚೆ ಯೋಚನೆ ಮಾಡಿದಳು. ನಿಜವಾಗಿಯೂ ಯೋಚನೆ ಮಾಡಿದಳು, ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಬಿಡುಗಡೆ ಅವಳ ಅಷ್ಟು ಹತ್ತಿರ ಎಂದೂ ಬಂದಿರಲಿಕ್ಕಿಲ್ಲ. ಕೊನೆಗೆ, "ಹೌದ್ರಿ, ನಮ್ಮವರ," ಎಂದು ನಿಟ್ಟುಸಿರು ಬಿಟ್ಟಳು. ಪಲ್ಲವಿ ನನ್ನ ಕಡೆ ನೋಡಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತ ನಿಂತಿದ್ದಳು. ಅವಳಿಗಾಗಿ ಊರೆಲ್ಲ ತಿರುಗಿದವನು ಅವಳ ಎದುರಿಗೇ ಹೀಗೆ ಕೂತಿದ್ದೆನಲ್ಲ ಎಂದು ನನಗೆ ಅಳು ಬರುವ ಹಾಗಾಯಿತು.

ಗಿರಿಜಕ್ಕ ಸುನಂದಾಳ ಕೈ ಹಿಡಿದು, "ಪಾಪ, ಗಾಬರಿಯಾಗಿ ಬಂದೀರಿ, ಬರ್ರಿ," ಎಂದು ಅಡುಗೆಮನೆಗೆ ಕರೆದುಕೊಂಡು ಹೋದರು. ಅಲ್ಲಿಂದ ಬಂದ ಮಾತುಗಳೆಲ್ಲ ನನಗೆ ಕೇಳುತ್ತಿದ್ದವು. ಎರಡೂವರೆ ತಿಂಗಳಲ್ಲಿ ಯಾವ ಬಡಾವಣೆಯಲ್ಲೂ ನಾನು ಕೇಳಲಾಗದ ಪ್ರಶ್ನೆಯನ್ನು ಸುನಂದಾ ನೀರು ಕುಡಿದು ಲೋಟ ಇಡುವಷ್ಟರಲ್ಲಿ ಕೇಳಿಬಿಟ್ಟಳು.

"ಅಕ್ಕಾರ, ನಮ್ಮ ಮಗಳು ಏಳೂವರಿಗೆ ಬಸ್ ಇಳದು ಒಬ್ಬಾಕಿನ ಇಲ್ಲಿತನ ನಡಕೊಂಡು ಬರಬಹುದೇನ್ರಿ?"

"ನಿಮ್ಮ ಯಜಮಾನ್ರನ್ನ ಹಾಡಹಗಲ ಬಿಡಲಿಲ್ಲ ನಾವು. ಕತ್ತಲದಾಗ ಬ್ಯಾರೆಯವರನ್ನ ಬಿಡ್ತೀವೇನ್ರಿ?"

ಹೊರಗೆ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ? ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ನಾನು ಕಂಡಿಲ್ಲ. ಪರೀಕ್ಷೆಗೆ ನಾನೇ ಕಚ್ಚಾಮಾಲು ಆಗಿದ್ದೆ, ಅಷ್ಟೇ.

ಮುಂದಿನದು ಲಗೂ ಆಯಿತು. ಕಾಕಾನ ತಮ್ಮನ ಮನೆಯೊಂದು ಅದೇ ಓಣಿಯಲ್ಲಿ ಖಾಲಿ ಇತ್ತು. ಗುರುತಿನವರಿಗೆ ಮಾತ್ರ ಮಾರುವುದು ಎಂದು ಎರಡು ವರ್ಷದಿಂದ ಬೋರ್ಡನ್ನೂ ಹಾಕಿರಲಿಲ್ಲ. ಅಷ್ಟೂ ದಲ್ಲಾಳಿಗಳ ಕಣ್ಣಿಗೆ ಬೀಳದ ಮನೆ ಅದು. "ನಮಗ ಗುರುತಿಲ್ಲದವರು ಬ್ಯಾಡ್ರಿ," ಎಂದು ಶುರು ಮಾಡಿದ ಕಾಕಾ ಮಧ್ಯದಲ್ಲೇ ಮಾತು ನಿಲ್ಲಿಸಿದರು. ಲೆಕ್ಕ ಹಾಕಿ ನೋಡಿದರೆ ಆ ಹೊತ್ತಿನಲ್ಲಿ ಇಡೀ ಕಾಲೋನಿಗೆ ನನ್ನಷ್ಟು ಗುರುತಿನ ಮನುಷ್ಯ ಬೇರೆ ಇರಲಿಲ್ಲ. ನನ್ನ ಮುತ್ಯಾ, ಪಗಾರ, ಬೆನ್ನುನೋವು, ಅಕ್ಷರ, ಎಲ್ಲವೂ ಅವರಿಗೆ ಗೊತ್ತಾಗಿತ್ತು. ಗುರುತಿನವರ ದರ ಬೇರೆ, ಅದು ನಮ್ಮ ಕೈಗೆ ನಿಲುಕಿತು. ದೀಪಾವಳಿಯ ದೀಪವನ್ನು ಹೊಸ ಮನೆಯ ಕಟ್ಟೆಯ ಮೇಲೆ ಹಚ್ಚಿದೆವು.

ಏರಿಯಾ ಸುರಕ್ಷಿತವಾಗಿದೆ. ಅದರಲ್ಲಿ ಎರಡು ಮಾತಿಲ್ಲ. ಪಲ್ಲವಿ ಬಸ್ಸಿಳಿದ ಸುದ್ದಿ ಅವಳಿಗಿಂತ ಮೊದಲೇ ಮನೆಗೆ ಬರುತ್ತದೆ. "ಮಮ್ಮಿ, ನಾ ಪಾನಿಪುರಿ ತಿಂದದ್ದು ನನಗಿಂತ ಮೊದಲ ನಿನಗ ಹೆಂಗ ಗೊತ್ತಾಕ್ಕೈತಿ?" ಎಂದು ಅವಳು ಜಗಳ ತೆಗೆಯುತ್ತಾಳೆ. ನಾನು ಎರಡನೇ ಪಾಳಿಯ ವಾರದಲ್ಲೂ ನಿಶ್ಚಿಂತೆಯಿಂದ ರೊಟ್ಟಿ ತಿನ್ನುತ್ತೇನೆ. ಒಂದೇ ಕೊರತೆ. ಕಾಲೋನಿಯ ವಾಟ್ಸಾಪ್ ಗುಂಪಿಗೆ ಸುನಂದಾಳನ್ನು ಮೊದಲ ದಿನವೇ ಸೇರಿಸಿಕೊಂಡರು. ನನ್ನನ್ನು ಸೇರಿಸಿ ಎಂದು ಕೇಳಿದಾಗಲೆಲ್ಲ ಕಾಕಾ, "ನೋಡೋಣ್ರಿ, ಅವಸರ ಏನದ?" ಅನ್ನುತ್ತಾರೆ.

ಮೊನ್ನೆ ಒಂದು ರವಿವಾರ ನಾನು ಗೇಟಿನ ಮುಂದೆ ನಿಂತಿದ್ದಾಗ ಗಂಡ ಹೆಂಡತಿ, ನಡುವೆ ಒಂದು ಸಣ್ಣ ಹೆಣ್ಣುಮಗು, ಸ್ಕೂಟರಿನಲ್ಲಿ ಬಂದು ನಿಂತರು. ಮನೆ ಹುಡುಕುತ್ತಿದ್ದರು. ಆತ ಸಂಕೋಚದಿಂದ, "ಸರ, ಇಲ್ಲಿ ಕಳ್ಳರ ಕಾಟ ಏನರ ಐತೇನ್ರಿ?" ಎಂದು ಕೇಳಿದ. ಕಾಲೋನಿಯ ಮರ್ಯಾದೆಯ ಪ್ರಶ್ನೆ. ನನಗೆ ಹುರುಪು ಬಂತು.

"ಹೋದ ವರ್ಷ ಒಬ್ಬಾಂವ ಬಂದಿದ್ದ್ರಿ," ಎಂದೆ. "ಸಾಮಾನ್ಯ ಮನಷ್ಯಾ ಅಲ್ಲ, ಭಾಳ ಶಾಣ್ಯಾ. ಎರಡು ವಾರ ತಯಾರಿ ಮಾಡಿದ್ದ, ಎಲ್ಲಾ ಬರದಿಟ್ಟಿದ್ದ. ಅಂಥವನ್ನ ನಮ್ಮ ಹೆಣ್ಣುಮಕ್ಕಳು ಹಾಡಹಗಲ ಹಿಡದ್ರು ನೋಡ್ರಿ!"

"ಅಯ್ಯ! ಪೊಲೀಸರಿಗೆ ಕೊಟ್ರೇನ್ರಿ?" ಎಂದಳು ಸ್ಕೂಟರಿನ ಹೆಣ್ಣುಮಗಳು.

"ಇಲ್ರಿ. ಆತನ ಹೆಂಡತಿ ಬಂದು ಬಿಡಿಸಿಕೊಂಡು ಹೋದ್ರು. ಛಲೋ ಹೆಣ್ಣುಮಗಳು, ಪಾಪ."

"ಮತ್ತ ಈಗ ಆಂವ ಈ ಕಡೆ ಬರ್ತಾನೇನ್ರಿ?"

"ಈಗ ಸುಧಾರಿಸ್ಯಾನ್ರಿ," ಎಂದೆ.

"ಎಲ್ಲಿ ಸುಧಾರಿಸ್ಯಾರ? ನಿಮ್ಮ ಮುಂದ ನಿಂತಾರ, ನೀವ ನೋಡ್ರಿ," ಎಂದಳು ಸುನಂದಾ, ಬಾಗಿಲಿಗೆ ಬಂದು. "ಒಳಗ ಬರ್ರಿ, ಚಹಾ ಇಟ್ಟೇನಿ."

ಆ ಹೆಣ್ಣುಮಗಳು ಗೊಳ್ಳೆಂದು ನಕ್ಕಳು. ಆತನೂ ನಕ್ಕ. ಆದರೆ ನಗುತ್ತಲೇ ಮಗಳ ಕೈಹಿಡಿದು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡ. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಆತನ ಜಾಗದಲ್ಲಿ ನಾನಿದ್ದು, ನನ್ನಂಥವನು ಎದುರಿಗೆ ನಿಂತಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.